ಕನ್ನಡ ಬಿಡಿಸುವ ಅರ್ಜಿಗೆ ಸಹಿ ಹಾಕುವ ಮೊದಲು

ಹೋದ ವರ್ಷ ಮಾರ್ಚ್ ತಿಂಗಳಲ್ಲಿ ನನ್ನ ತಂಗಿ ಒಂದು ಅರ್ಜಿ ಹಿಡಿದುಕೊಂಡು ಮನೆಗೆ ಬಂದಳು. ಅವಳ ಮಗ ರಾಜಾಜಿನಗರದ ಕಡೆಯ ಒಂದು ಖಾಸಗಿ ಶಾಲೆಯಲ್ಲಿ ನಾಲ್ಕನೇ ತರಗತಿ ಮುಗಿಸುತ್ತಿದ್ದ. ಓದುವಾಗ ಸಾಲು ತಪ್ಪುತ್ತಾನೆ, ಬರೆಯುವಾಗ ಅಕ್ಷರ ನುಂಗುತ್ತಾನೆ, ಬಾಯಲ್ಲಿ ಕೇಳಿದರೆ ಪಾಠವನ್ನೆಲ್ಲ ಒಪ್ಪಿಸುತ್ತಾನೆ. ತಪಾಸಣೆ ನಡೆದು, ಡಿಸ್ಲೆಕ್ಸಿಯಾ, ಅಂದರೆ ಓದು ಬರಹಕ್ಕೆ ತೊಡಕಾಗುವ ಕಲಿಕಾ ನ್ಯೂನತೆ, ಎಂಬ ವರದಿ ಕೈಗೆ ಬಂದು ಆಗಲೇ ಒಂದು ತಿಂಗಳಾಗಿತ್ತು. ಅರ್ಜಿಯಲ್ಲಿ ಇದ್ದದ್ದು ಒಂದೇ ಕೋರಿಕೆ, ಮಗುವಿಗೆ ಕನ್ನಡದಿಂದ ವಿನಾಯಿತಿ ಕೊಡಬೇಕು ಎಂದು. ಅದನ್ನು ತಂಗಿ ಬರೆದಿರಲಿಲ್ಲ. ಶಾಲೆಯವರೇ ಟೈಪ್ ಮಾಡಿಸಿ, ಸಹಿಯ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಟ್ಟಿದ್ದರು.

“ಸಹಿ ಹಾಕಿಬಿಡಲೇ ಅಕ್ಕ? ಅವನಿಗೂ ಒಂದು ಹೊರೆ ಇಳಿಯುತ್ತದೆ ಎನ್ನುತ್ತಿದ್ದಾರೆ.”

“ಅವನಿಗೆ ಕನ್ನಡವನ್ನು ಬೇರೆ ರೀತಿಯಲ್ಲಿ ಯಾರಾದರೂ ಕಲಿಸಿ ನೋಡಿದ್ದಾರೆಯೇ?” ಎಂದು ಕೇಳಿದೆ. ಅವಳ ಬಳಿ ಉತ್ತರವಿರಲಿಲ್ಲ. ಯಾರೂ ನೋಡಿರಲಿಲ್ಲ.

ನಾನು ಟಿ.ಸಿ.ಎಚ್. ಎಂಬ ಶಿಕ್ಷಕರ ತರಬೇತಿ ಮುಗಿಸಿ ಸರ್ಕಾರಿ ಪ್ರಾಥಮಿಕ ಶಾಲೆಗೆ ಶಿಕ್ಷಕಿಯಾಗಿ ಸೇರಿ ಇಪ್ಪತ್ನಾಲ್ಕು ವರ್ಷಗಳಾದವು. ಈಗ ಇರುವುದು ಪೀಣ್ಯದ ಆಸುಪಾಸಿನ ಒಂದು ಶಾಲೆಯಲ್ಲಿ. ಅಂದು ರಾತ್ರಿ ಕುಳಿತು ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯನ್ನು ಮತ್ತೆ ಓದಿದೆ. 1995ರ ಹಳೆಯ ಕಾಯ್ದೆ ಗುರುತಿಸಿದ್ದು 7 ಬಗೆಯ ನ್ಯೂನತೆಗಳನ್ನು. ಹೊಸದು 21ನ್ನು ಗುರುತಿಸುತ್ತದೆ, ಕಲಿಕಾ ನ್ಯೂನತೆಯೂ ಅದರಲ್ಲಿ ಸೇರಿದೆ. ಶಾಲೆಗಳು ತೋರಿಸುವುದು ಅದರ 17ನೇ ಸೆಕ್ಷನ್. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಉತ್ತರ ಬರೆದುಕೊಡಲು ಸಹಾಯಕ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಇವೆಲ್ಲ ಅಲ್ಲಿವೆ. ಆದರೆ ಅದಕ್ಕೂ ಮೊದಲು 16ನೇ ಸೆಕ್ಷನ್ ಇದೆ. ಮಕ್ಕಳ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆ ಮಾಡಿ, ಅದನ್ನು ದಾಟಲು ತಕ್ಕ ಬೋಧನಾ ಕ್ರಮಗಳನ್ನು ಕೈಗೊಳ್ಳುವುದು ಸಂಸ್ಥೆಯ ಕರ್ತವ್ಯ ಎಂದು ಅದು ಹೇಳುತ್ತದೆ. ಕಾಯ್ದೆಯ ಪುಟದಲ್ಲಿ ಕಲಿಸುವುದು ಮೊದಲು ಬರುತ್ತದೆ, ಬಿಡಿಸುವುದು ಆಮೇಲೆ. ನನ್ನ ತಂಗಿಯ ಕೈಗೆ ಸಿಕ್ಕಿದ್ದು ಎರಡನೆಯದು ಮಾತ್ರ.

ಕನ್ನಡದ ವಿಷಯದಲ್ಲಿ ಇದು ಎಷ್ಟು ಸಲೀಸಾಗಿ ನಡೆಯುತ್ತದೆ ನೋಡಿ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದಿಂದಾಗಿ ಬೆಂಗಳೂರಿನ ಖಾಸಗಿ ಶಾಲೆಗಳೂ ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಲೇಬೇಕು. ಅದೇ ಶಾಲೆಯಲ್ಲಿ ಮಗುವೊಂದಕ್ಕೆ ಓದಿನ ತೊಂದರೆ ಇದೆ ಎಂದು ತಿಳಿದ ಕೂಡಲೇ ಮೊದಲು ಉದುರುವ ಎಲೆ ಕನ್ನಡವೇ. ಇಂಗ್ಲಿಷ್ ಓದಿಗೆ ವಿಶೇಷ ಶಿಕ್ಷಕರು ಸಿಗುತ್ತಾರೆ, ಗಂಟೆಯ ಲೆಕ್ಕದಲ್ಲಿ ಹಣ ತೆಗೆದುಕೊಂಡು ಶ್ರದ್ಧೆಯಿಂದಲೇ ಕಲಿಸುತ್ತಾರೆ. ಕನ್ನಡಕ್ಕೆ ಯಾರಿದ್ದಾರೆ ಎಂದು ನಾನು ಮೂರು ಕಡೆ ವಿಚಾರಿಸಿದೆ. ಮೂರೂ ಕಡೆ ಒಂದೇ ಉತ್ತರ: “ಅದಕ್ಕೆ ವಿನಾಯಿತಿ ಸಿಗುತ್ತದಲ್ಲ ಮೇಡಂ.”

ಕನ್ನಡ ಓದುವ ಮಗು ಎಲ್ಲಿ ಎಡವುತ್ತದೆ ಎಂಬುದನ್ನು ನಾವು ಕುಳಿತು ಯೋಚಿಸಿದ್ದೇ ಕಡಿಮೆ. ಹೇಳಿದಂತೆ ಬರೆಯುವ, ಬರೆದಂತೆ ಓದುವ ಭಾಷೆ, ಇದರಲ್ಲಿ ಕಷ್ಟವೇನು ಎನ್ನುತ್ತೇವೆ. 49 ಅಕ್ಷರ ಕಲಿತರೆ ಮುಗಿಯಿತೇ? 34 ವ್ಯಂಜನಗಳಿಗೆ ಕಾಗುಣಿತ ಸೇರಿ, ಅದಕ್ಕೆ ಒತ್ತಕ್ಷರ ಸೇರಿ, ಕಣ್ಣು ಗುರುತು ಹಿಡಿಯಬೇಕಾದ ರೂಪಗಳು ನೂರಾರು. ದ, ಧ, ಥ ಮೂರಕ್ಕೂ ಒಂದೇ ಚೌಕಟ್ಟು. ಕೆಳಗಿನ ಸೀಳು, ಒಳಗಿನ ಚುಕ್ಕೆ ಮಾತ್ರ ಬೇರೆ. ಬೆಳೆ ಮತ್ತು ಬೇಳೆಗೆ ಇರುವ ಅಂತರ ಒಂದು ಸಣ್ಣ ದೀರ್ಘ. ಒತ್ತುಗಳಲ್ಲಿ ಹೆಚ್ಚಿನವು ಮೂಲ ಅಕ್ಷರವನ್ನೇ ಹೋಲುತ್ತವೆ, ಆದರೆ ತ, ನ, ಮ, ಯ, ರ, ಲ ಇವುಗಳ ಒತ್ತು ತಾಯಿಯ ಮುಖವನ್ನೇ ಹೋಲುವುದಿಲ್ಲ. ಬೆಂಗಳೂರಿನ ಮಕ್ಕಳ ಓದನ್ನು ಬಹುಕಾಲ ಗಮನಿಸಿದ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ತೋರಿಸಿದ್ದಾರೆ: ಕನ್ನಡದ ಅಕ್ಷರಗಳು ಮಕ್ಕಳಿಗೆ ಪೂರ್ತಿ ಒಲಿಯಲು ಒಂದೆರಡು ತರಗತಿ ಸಾಲುವುದಿಲ್ಲ, ಅದು ನಿಧಾನದ ಕೆಲಸ. ಯಾವ ತೊಂದರೆಯೂ ಇಲ್ಲದ ಮಗುವಿಗೇ ಇಷ್ಟು ಕಾಲ ಬೇಕು.

ಇನ್ನು ಅರ್ಕಾವತ್ತು. ಮಾರ್ಕೆಟ್ ಎಂಬ ಪದವನ್ನು ಒಮ್ಮೆ ನಿಧಾನವಾಗಿ ನೋಡಿ. ಮಾ ಆದ ಮೇಲೆ ಕಣ್ಣಿಗೆ ಬೀಳುವುದು ಕೆ. ಅದರ ಬಲಕ್ಕೆ ಕೊಕ್ಕೆಯಂತೆ ಅರ್ಕಾವತ್ತು. ಆದರೆ ನಾಲಿಗೆ ಮೊದಲು ರ್ ಎಂದು, ಆಮೇಲೆ ಕೆ ಎನ್ನಬೇಕು. ಕಣ್ಣು ಮುಂದೆ ಹೋಗಿ, ಕೊಕ್ಕೆಯನ್ನು ಕಂಡು, ಹಿಂದಕ್ಕೆ ಬರಬೇಕು. ನಮಗೆ ಇದು ರೂಢಿಯಾಗಿ ಹೋಗಿದೆ. ನನ್ನ ತಂಗಿಯ ಮಗ ಬಸ್ಸಿನ ಬೋರ್ಡನ್ನು “ಮಾಕೆರ್ಟ್” ಎಂದು ಓದುತ್ತಿದ್ದ. ತರಗತಿಯಲ್ಲಿ ನಕ್ಕರಂತೆ. ಅವನು ಅಲ್ಲಿ ಬರೆದಿದ್ದ ಕ್ರಮದಲ್ಲೇ, ಒಂದನ್ನೂ ಬಿಡದೆ, ಪ್ರಾಮಾಣಿಕವಾಗಿ ಓದಿದ್ದ. ಆ ತಪ್ಪಿನೊಳಗೆ ಎಷ್ಟು ಬುದ್ಧಿ ಇದೆ ಎಂದು ಗುರುತಿಸುವ ಒಬ್ಬ ಶಿಕ್ಷಕಿ ಅಲ್ಲಿ ಇರಬೇಕಿತ್ತು.

ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಅವನು ನಮ್ಮ ಮನೆಗೆ ಬಂದ. ದಿನಕ್ಕೆ ನಲವತ್ತು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ದೊಡ್ಡ ತಟ್ಟೆಯಲ್ಲಿ ರಾಗಿ ಹರಡಿ ಬೆರಳಿನಿಂದ ಬರೆಸಿದೆ. ರಟ್ಟಿನಲ್ಲಿ ಕಿಂಡಿ ಕತ್ತರಿಸಿ ಪುಟದ ಮೇಲೆ ಇಟ್ಟೆ, ಒಮ್ಮೆಗೆ ಒಂದೇ ಪದ ಕಾಣುವ ಹಾಗೆ. ಒತ್ತಕ್ಷರಗಳಿಗೆಲ್ಲ ಹಸಿರು, ಅರ್ಕಾವತ್ತಿಗೆ ಮಾತ್ರ ಕೆಂಪು. ಕೆಂಪು ಕಂಡರೆ ಒಂದು ಹೆಜ್ಜೆ ಹಿಂದೆ ಇಡಬೇಕು ಎಂಬುದು ನಮ್ಮಿಬ್ಬರ ಒಪ್ಪಂದ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಪದ ಬರೆದು, ಅಕ್ಷರದಿಂದ ಅಕ್ಷರಕ್ಕೆ ಅವನು ನಿಜವಾಗಿಯೂ ಹೆಜ್ಜೆ ಇಡುತ್ತಿದ್ದ. ಕೆಂಪಿನ ಹತ್ತಿರ ಬಂದಾಗ ಹಿಂದಕ್ಕೆ ಜಿಗಿದು ರ್ ಎನ್ನುತ್ತಿದ್ದ. ಸೂರ್ಯ, ಕಾರ್ಯ, ವರ್ಷ, ಅರ್ಧ. ಮೂರನೇ ವಾರದಲ್ಲಿ ಕೆಂಪು ಬಣ್ಣವನ್ನು ಅವನೇ ಬೇಡ ಎಂದ. ಜೂನ್ ಹೊತ್ತಿಗೆ ನಾಲ್ಕು ಸಾಲಿನ ಪದ್ಯವನ್ನು ತಡವರಿಸುತ್ತಲೇ ಆದರೂ ತಾನೇ ಓದಿ ಮುಗಿಸಿದ. ಇದರಲ್ಲಿ ದುಬಾರಿಯಾದದ್ದು ಯಾವುದೂ ಇರಲಿಲ್ಲ. ಸಮಯ ಬೇಕಿತ್ತು, ಅವನ ತಪ್ಪುಗಳನ್ನು ಬರೆದಿಟ್ಟುಕೊಳ್ಳುವ ಒಂದು ನೋಟ್‌ಬುಕ್ ಬೇಕಿತ್ತು.

ನನ್ನದೇ ಶಾಲೆಯ ಮಾತನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅಲ್ಲಿ ವಿನಾಯಿತಿಯ ಪ್ರಶ್ನೆಯೇ ಏಳುವುದಿಲ್ಲ, ಯಾಕೆಂದರೆ ವರದಿಯೇ ಇರುವುದಿಲ್ಲ. ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬದ ಹುಡುಗಿಯೊಬ್ಬಳು ನಮ್ಮಲ್ಲಿದ್ದಾಳೆ. ಅವಳ ತೊಂದರೆಯೂ ಸರಿಸುಮಾರು ಇದೇ ಇರಬೇಕು ಎಂದು ನನಗೆ ಅನ್ನಿಸುತ್ತದೆ. ತಪಾಸಣೆಗೆ ಕರೆದುಕೊಂಡು ಹೋಗಿ ಎಂದರೆ ಅವಳ ತಾಯಿ ಕೇಳಿದ್ದು, “ಎಷ್ಟು ದಿನ ಹೋಗಬೇಕಾಗುತ್ತದೆ ಮೇಡಂ?” ಒಂದು ದಿನ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಇಂತಹ ಮಕ್ಕಳಿಗೆಂದೇ ಇರುವ ಬ್ಲಾಕಿನ ಸಂಪನ್ಮೂಲ ಶಿಕ್ಷಕರು ಬರುತ್ತಾರೆ, ಒಳ್ಳೆಯವರು, ಆದರೆ ಒಬ್ಬರೇ ಎಷ್ಟೋ ಶಾಲೆಗಳನ್ನು ಸುತ್ತಬೇಕು. ನಮ್ಮ ಸರದಿ ತಿಂಗಳಿಗೊಮ್ಮೆ ಬಂದರೆ ಅದೇ ಹೆಚ್ಚು. ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಹತ್ತು ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2021ರಲ್ಲಿ. ಆ ಹತ್ತರ ಲೆಕ್ಕ ನಮ್ಮ ಶಾಲೆಯ ಬಾಗಿಲಿಗೆ ಇನ್ನೂ ಬಂದಿಲ್ಲ.

ಈ ಹುಡುಗಿ ಒಂದರಿಂದ ಮೂರನೇ ತರಗತಿಯವರೆಗೆ ಚೆನ್ನಾಗಿಯೇ ಇದ್ದಳು. ಕಾರಣ ನಲಿ-ಕಲಿ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ನಮ್ಮಂತಹ ಶಿಕ್ಷಕರೇ ಕಟ್ಟಿದ ಪದ್ಧತಿ ಅದು. ಅ ಆ ಇ ಈ ಎಂದು ಶುರು ಮಾಡದೆ, ಬರೆಯಲು ಸುಲಭವಾದ ರ ಗ ಸ ದ ಅ ಎಂದು ಶುರು ಮಾಡುತ್ತೇವೆ. ಪಾಠಗಳನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಮೆಟ್ಟಿಲಿನಂತೆ ಜೋಡಿಸಿದ ಕಲಿಕಾ ಏಣಿಯಲ್ಲಿ ಪ್ರತಿ ಮಗುವಿಗೂ ಅದರದೇ ಮೆಟ್ಟಿಲು. ಶಿಕ್ಷಕರ ಪೂರ್ಣ ನೆರವು ಬೇಕಾದವರು ಒಂದು ಗುಂಪು, ಗೆಳೆಯರ ನೆರವಿನಿಂದ ಕಲಿಯುವವರು ಇನ್ನೊಂದು, ತಾವೇ ಕಲಿಯುವವರು ಮತ್ತೊಂದು. ಹದಿನೈದು ದಿನ ಊರಿಗೆ ಹೋಗಿ ಬಂದರೂ ಬಿಟ್ಟ ಕಾರ್ಡಿನಿಂದಲೇ ಮುಂದುವರಿಯಬಹುದು. ನಿಧಾನವಾಗಿ ಕಲಿಯುವ ಮಗುವಿಗೆ ಅಲ್ಲಿ ಅವಮಾನವಿಲ್ಲ, ಏಕೆಂದರೆ ಇಡೀ ತರಗತಿ ಒಂದೇ ಪುಟದಲ್ಲಿ ಇರುವುದೇ ಇಲ್ಲ. ವಿಶೇಷ ಶಿಕ್ಷಣದವರು ಇಂದು ಮಗುವಿಗೊಂದು ಪ್ರತ್ಯೇಕ ಕಲಿಕಾ ಯೋಜನೆ ಬೇಕು ಎನ್ನುತ್ತಾರಲ್ಲ, ಅದರ ಬೀಜ ನಮ್ಮ ಮಣ್ಣಿನಲ್ಲೇ ಇತ್ತು.

ನಾಲ್ಕನೇ ತರಗತಿಗೆ ಬಂದ ದಿನ ಏಣಿ ಹೋಯಿತು, ಪಠ್ಯಪುಸ್ತಕ ಬಂತು. ಎಲ್ಲರೂ ಪುಟ ಹನ್ನೆರಡು ತೆರೆಯಿರಿ ಎನ್ನುವ ತರಗತಿ. ಕಲಿಕಾ ನ್ಯೂನತೆಯ ಪ್ರಮಾಣಪತ್ರ ಕೊಡುವುದೇ ಎಂಟು ವರ್ಷ ತುಂಬಿದ ಮೇಲೆ ಎಂದು ಕೇಂದ್ರದ 2018ರ ಮಾರ್ಗಸೂಚಿ ಹೇಳಿತ್ತು. ಅಂದರೆ ಕಾಗದದ ನೆರವು ಸಿಗುವ ವಯಸ್ಸಿಗೂ, ಅವಳಿಗೆ ಒಗ್ಗಿದ್ದ ಪದ್ಧತಿ ಕೈಬಿಡುವ ವಯಸ್ಸಿಗೂ ಹೆಚ್ಚು ಅಂತರವಿಲ್ಲ. ಅವಳಿಗೆ ಕಾಗದವೂ ಸಿಗಲಿಲ್ಲ, ಏಣಿಯೂ ಉಳಿಯಲಿಲ್ಲ. ಹೋದ ನವೆಂಬರಿನಲ್ಲಿ ಅವಳು ಕೊನೆಯ ಬೆಂಚಿನಲ್ಲಿ ಪುಸ್ತಕವನ್ನು ತೆರೆದಿಟ್ಟುಕೊಂಡು, ಪಕ್ಕದವಳು ಪುಟ ತಿರುಗಿಸಿದಾಗ ತಾನೂ ತಿರುಗಿಸುತ್ತಿದ್ದುದನ್ನು ನೋಡಿದೆ. ಅದನ್ನು ನೆನೆದರೆ ಈಗಲೂ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ವಿನಾಯಿತಿಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಕನ್ನಡದ ಪಿರಿಯಡ್ ಬಂತೆಂದರೆ ಹೊಟ್ಟೆನೋವು ಬರುವ ಮಕ್ಕಳನ್ನು ಕಂಡಿದ್ದೇನೆ. ಎರಡು ಲಿಪಿಗಳ ಭಾರ ನಿಜಕ್ಕೂ ತಡೆಯಲಾಗದ ಮಕ್ಕಳಿದ್ದಾರೆ. ಅವರಿಗೆ ಆ ಹಕ್ಕು ಸಿಗಬೇಕು, ಅಲೆದಾಟವಿಲ್ಲದೆ ಸಿಗಬೇಕು. ಆದರೆ ಕಲಿಸುವ ಪ್ರಯತ್ನ ನಡೆದು, ಅದರ ದಾಖಲೆ ಇದ್ದು, ಆಮೇಲೆ ಆ ಮಾತು ಬರಲಿ. ಬೆಂಗಳೂರಿನಲ್ಲಿ ಬೆಳೆಯುವ ಮಗುವಿನಿಂದ ಕನ್ನಡದ ಓದನ್ನು ತೆಗೆದರೆ ಅಂಕಪಟ್ಟಿಯ ಒಂದು ಸಾಲು ಮಾತ್ರ ಹೋಗುವುದಿಲ್ಲ. ಅಜ್ಜಿ ಗೋಡೆಗೆ ನೇತುಹಾಕಿದ ಕ್ಯಾಲೆಂಡರ್, ಸೋದರಮಾವನ ಮದುವೆಯ ಕರೆಯೋಲೆ, ಬೀದಿಯ ಅಂಗಡಿಗಳ ಫಲಕ, ಮನೆಗೆ ಬರುವ ಪತ್ರಿಕೆ ಎಲ್ಲವೂ ಅವನ ಪಾಲಿಗೆ ಮುಚ್ಚಿಕೊಳ್ಳುತ್ತವೆ. ಮಾತು ಇರುತ್ತದೆ, ಓದು ಇರುವುದಿಲ್ಲ.

ಮೂವತ್ತೆಂಟು ಮಕ್ಕಳಿರುವ ತರಗತಿಯಲ್ಲಿ ಇದೆಲ್ಲ ಹೇಗೆ ಸಾಧ್ಯ ಎಂದು ನನ್ನ ಸಹೋದ್ಯೋಗಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬಿಸಿಯೂಟ, ಸಮೀಕ್ಷೆ, ಆನ್‌ಲೈನ್ ದಾಖಲಾತಿ ಎಲ್ಲವೂ ನಮ್ಮ ತಲೆಯ ಮೇಲೇ ಇವೆ. ನಾನು ಮಾಡಿರುವುದು ಇಷ್ಟೇ: ಜನವರಿಯಿಂದ ಕನ್ನಡದ ಎರಡು ಪಿರಿಯಡ್‌ಗಳಲ್ಲಿ ನಾಲ್ಕನೇ ತರಗತಿಯನ್ನು ಮತ್ತೆ ಗುಂಪುಗಳಾಗಿ ಕೂರಿಸಿದ್ದೇನೆ. ಆ ಹುಡುಗಿ ಮತ್ತು ಇನ್ನು ಐವರು ನನ್ನ ಪಕ್ಕ. ಚೆನ್ನಾಗಿ ಓದುವ ಮಕ್ಕಳು ಈ ಹೊಸ ವ್ಯವಸ್ಥೆಯಲ್ಲಿ ಹಿಂದೆ ಬೀಳಲಿಲ್ಲ, ಮಾರ್ಚ್ ಪರೀಕ್ಷೆಯಲ್ಲಿ ಅದನ್ನು ನೋಡಿದೆ. ಹುಡುಗಿ ಈಗ ಪುಟವನ್ನು ತಾನಾಗಿ ತಿರುಗಿಸುತ್ತಾಳೆ. ಒತ್ತಕ್ಷರಗಳಲ್ಲಿ ಅರ್ಧದಷ್ಟು ಹಿಡಿತಕ್ಕೆ ಬಂದಿವೆ, ಇನ್ನರ್ಧ ಬಾಕಿ ಇವೆ.

ತಂಗಿ ಆ ಅರ್ಜಿಗೆ ಸಹಿ ಹಾಕಲಿಲ್ಲ. ಅದರ ಬದಲು ಹೆಚ್ಚಿನ ಸಮಯ ಮತ್ತು ಬಾಯಲ್ಲಿ ಉತ್ತರ ಹೇಳುವ ಅವಕಾಶ ಕೇಳಿ ಬೇರೆ ಅರ್ಜಿ ಕೊಟ್ಟಳು. ಎರಡು ಸಲ ಹೋಗಿ ಕೂತ ಮೇಲೆ ಶಾಲೆಯವರು ಒಪ್ಪಿದರು. ಅವನು ಈಗಲೂ ದಣಿದಾಗ ಮಾಕೆರ್ಟ್ ಎನ್ನುತ್ತಾನೆ, ತಕ್ಷಣ ನಿಲ್ಲುತ್ತಾನೆ, ತಾನೇ ಹಿಂದೆ ಹೋಗಿ ಸರಿಪಡಿಸಿಕೊಳ್ಳುತ್ತಾನೆ.

ಶಾಲೆ ತೆರೆಯುವುದರೊಳಗೆ ನಾಲ್ಕು ಮತ್ತು ಐದನೇ ತರಗತಿಗೆ ಒತ್ತಕ್ಷರದ ಕಾರ್ಡುಗಳನ್ನು ಮಾಡುತ್ತಿದ್ದೇನೆ. ಸುಮಾರು ಮುನ್ನೂರು ಬೇಕು. ನಿಮ್ಮ ಮನೆಯಲ್ಲಿ ಹಳೆಯ ಮದುವೆ ಕರೆಯೋಲೆಗಳಿದ್ದರೆ, ಒಂದು ಬದಿ ಖಾಲಿ ಇರುವ ಗಟ್ಟಿ ರಟ್ಟಿನವು, ಎಸೆಯಬೇಡಿ. ಪೀಣ್ಯ, ಲಗ್ಗೆರೆ, ಯಶವಂತಪುರದ ಕಡೆಯಾದರೆ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.