ಕೋತಿ ಮರಿಗೆ ಅರ್ಧ ಟಿಕೆಟ್ಟಾ?

ಚಿತ್ರದುರ್ಗದ ಕಡೆಯ ಒಂದು ಪಂಚಾಯಿತಿ ಅಂತಿಟ್ಟುಕೊಳ್ಳಿ, ಹೆಸರು ಬೇಡ. ಊರಿನ ಕೋತಿ ಹಿಡಿದು ಜೋಗಿಮಟ್ಟಿ ಕಾಡಿನ ಕಡೆ ಬಿಟ್ಟು ಬರೋಕೆ ತಲೆಗಿಷ್ಟು ಅಂತ ಗುತ್ತಿಗೆ ಕೊಟ್ಟಾಯ್ತು. ತೆಂಗು, ದಾಳಿಂಬೆ ಕಳಕೊಂಡವರ ಸಿಟ್ಟು ಸುಳ್ಳಲ್ಲ ಬಿಡಿ. ಆದರೆ ಬಿಲ್ಲು ಬಂದ ದಿನ ಸಭೆಯಲ್ಲಿ ಗಲಾಟೆ. ತಾಯಿಯ ಹೊಟ್ಟೆಗೆ ಅಂಟಿಕೊಂಡ ಮರಿ ಒಂದು ತಲೆಯೋ, ಅರ್ಧವೋ?

"ಸರ್ಕಾರಿ ಬಸ್ಸಲ್ಲೇ ಚಿಕ್ಕ ಮಕ್ಕಳಿಗೆ ಟಿಕೆಟ್ ಇಲ್ಲ ಸಾರ್" ಎಂದರು ಒಬ್ಬ ಸದಸ್ಯರು.

"ಮರಿ ಇದ್ದರೆ ತಾಯಿ ಜಾಸ್ತಿ ಕಚ್ಚುತ್ತೆ ಸಾರ್, ಡಬಲ್ ಕೊಡಿ" ಎಂದ ಗುತ್ತಿಗೆದಾರ.

ಪಿಡಿಒ ಸಾಹೇಬರು ಕಡತ ತಿರುವಿ ತೀರ್ಪು ಕೊಟ್ಟರು: ಬೇರೆ ಬೋನಿನಲ್ಲಿದ್ದರೆ ಪೂರ್ತಿ ತಲೆ. ಮಾರನೇ ದಿನದಿಂದ ಮರಿಗಳೆಲ್ಲ ಬೇರೆ ಬೋನಿಗೆ!

ಕೋತಿ ಸುಮಾರು ಐದೂವರೆ ತಿಂಗಳು ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹೆರುತ್ತೆ. ಹಾಲು ಕುಡಿಯೋ ಮರಿಯನ್ನು ಕಿತ್ತರೆ ಉಳಿಯೋದು ಕಷ್ಟ. ಉಳಿದರೂ ತೊಂದರೆ ತಪ್ಪಲ್ಲ. ಹುಟ್ಟಿದ ಕೂಡಲೇ ತಾಯಿಯಿಂದ ಬೇರೆ ಮಾಡಿದ ಹೆಣ್ಣು ಕೋತಿಗಳು ಮುಂದೆ ತಾವು ಹೆತ್ತಾಗ ಮರಿಯನ್ನು ದೂರ ತಳ್ಳುತ್ತವೆ, ಹೊಡೆಯುತ್ತವೆ ಅಂತ ಅಮೆರಿಕದ ಹ್ಯಾರಿ ಹಾರ್ಲೋ ತಂಡ 1960ರ ದಶಕದಲ್ಲೇ ಕಂಡುಕೊಂಡಿತ್ತು. ಆ ಪ್ರಯೋಗಗಳ ಕ್ರೌರ್ಯಕ್ಕೆ ಇವತ್ತಿಗೂ ಬೈತಾರೆ. ಅವರಿಗೆ ಪ್ರಯೋಗಶಾಲೆ ಬೇಕಿತ್ತು, ನಮಗೆ ಒಂದು ಟಾಟಾ ಏಸ್ ಸಾಕು.

ಗಾಡಿ ತುಂಬುವವರೆಗೆ ಕೋತಿಗಳ ವಾಸ ಪಂಚಾಯಿತಿ ಶೆಡ್ಡಿನಲ್ಲಿ. ಎರಡು ಗುಂಪಿನವು ಒಂದೇ ಬೋನಲ್ಲಿ, ಅಪರಿಚಿತ ಗಂಡಿನ ಬಾಯಿಗೆ ಮರಿ ಸಿಕ್ಕರೆ ಮುಗೀತು. ಊಟಕ್ಕೆ ಒಣ ಬ್ರೆಡ್ಡು. ನಮ್ಮ ಹಾಗೇ ಅವುಗಳ ಮೈಯಲ್ಲೂ ವಿಟಮಿನ್ ಸಿ ತಯಾರಾಗಲ್ಲ, ಹಣ್ಣು ಸೊಪ್ಪು ಬೇಕು. ಹಣ್ಣು ಕೊಟ್ಟರೆ ಆಕ್ಷೇಪಣೆ ಬರುತ್ತಂತೆ, ಹಣ್ಣು ತಿಂದದ್ದಕ್ಕೇ ಅಲ್ವಾ ಹಿಡಿದದ್ದು! ನೋಡೋಕೆ ಬಂದವರು ಬೋನಿಗೆ ಮುಖವಿಟ್ಟು ಕೆಮ್ಮುತ್ತಾ ಸೆಲ್ಫಿ ತೆಗೆದುಕೊಂಡರು. ಮನುಷ್ಯರ ಕ್ಷಯ ಕೋತಿಗೂ ಹತ್ತುತ್ತೆ. ಆ ಬೋರ್ಡು ಎಲ್ಲೂ ಇಲ್ಲ, 'ಕೋತಿಗಳಿವೆ ಎಚ್ಚರಿಕೆ' ಅನ್ನೋದು ಮಾತ್ರ ಇದೆ. ಶನಿವಾರ ಶೆಡ್ಡಿಗೆ ರಜೆ. ಎಲ್ಲರೂ ಆಂಜನೇಯನಿಗೆ ವಡೆ ಹಾರ ಹಾಕೋಕೆ ಹೋಗಿರ್ತಾರೆ.

ಆಡಿಟ್‌ನವರು ಬಂದರು. ಹಿಡಿದ ತಲೆಗಿಂತ ಕಾಡಿಗೆ ಬಿಟ್ಟ ತಲೆ ಕಡಿಮೆ ಇದೆಯಲ್ಲ, ಉಳಿದವೆಲ್ಲಿ? ಗುಮಾಸ್ತರು ಮೊದಲು ರೇಷನ್ ಗೋದಾಮಿನಲ್ಲಿ ಇದ್ದವರು. ಥಟ್ಟನೆ ಬರೆದರು: 'ಸಾಗಾಣಿಕೆ ನಷ್ಟ'. ಆಡಿಟ್‌ನವರು ಒಪ್ಪಿ ಸಹಿ ಹಾಕಿದರು. ನಷ್ಟದ ತಲೆಗೂ ದುಡ್ಡು ಕೊಡಬೇಕೇ ಅನ್ನೋದನ್ನು ಮುಂದಿನ ಸಭೆಗೆ ಇಟ್ಟಿದ್ದಾರೆ.