ಕಟಕಟೆಯಲ್ಲಿ ಬ್ಯಾಟರಿ

ಕೀಲಿ ತಿರುಗಿಸಿದಾಗ ಕಾರು ಗುರ್ರೆನ್ನುವ ಬದಲು ‘ಕಟ ಕಟ’ ಎಂದರೆ ಸಾಕು, ಪಕ್ಕದಲ್ಲಿ ನಿಂತವರು ‘ಬ್ಯಾಟರಿ ಹೋಯ್ತು, ಹೊಸದು ಹಾಕ್ಸಿ’ ಎಂದು ತೀರ್ಪು ಕೊಟ್ಟೇಬಿಡುತ್ತಾರೆ. ಬಾನೆಟ್ ಕೂಡ ಎತ್ತಿರುವುದಿಲ್ಲ! ಇಡೀ ಕಾರಿನಲ್ಲಿ ಇಷ್ಟು ಸಲೀಸಾಗಿ ತಪ್ಪು ಹೊರಿಸಿಕೊಳ್ಳುವ ಭಾಗ ಇನ್ನೊಂದಿರಲಾರದು. ಶಿಕ್ಷೆಗೆ ಮುಂಚೆ ಒಂದು ವಿಚಾರಣೆಯಾದರೂ ಬೇಡವೇ?

ಮೊದಲು ಟರ್ಮಿನಲ್, ಅಂದರೆ ಬ್ಯಾಟರಿಗೆ ತಂತಿ ಕಚ್ಚಿಕೊಳ್ಳುವ ಜಾಗ, ನೋಡಬೇಕು. ಬಿಳಿಯದೋ ಹಸಿರಿನದೋ ಪುಡಿ ಕಟ್ಟಿದ್ದರೆ, ತಂತಿಯ ತುದಿಯ ಕ್ಲಾಂಪ್ ಕೈಗೆ ಅಲುಗಾಡುತ್ತಿದ್ದರೆ, ಬ್ಯಾಟರಿ ನಿರಪರಾಧಿಯೇ ಇರಬಹುದು. ಸ್ಟಾರ್ಟರ್ ಮೋಟಾರ್ ಒಂದು ಕ್ಷಣಕ್ಕೆ ನೂರಾರು ಆಂಪಿಯರ್ ಕೇಳುತ್ತದೆ. ಸಡಿಲ ಕ್ಲಾಂಪಿನಲ್ಲಿ ಅಷ್ಟು ವಿದ್ಯುತ್ತು ಹಾಯುವುದಿಲ್ಲ. ತಿಕ್ಕಿ ತೊಳೆದು ಬಿಗಿ ಮಾಡಿದರೆ ಎಷ್ಟೋ ಸಲ ಕಥೆ ಅಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್. ಇಲ್ಲೊಂದು ತಮಾಷೆಯಿದೆ. ಮೈಮೇಲೆ 12 ವೋಲ್ಟ್ ಎಂದು ಬರೆದುಕೊಂಡಿರುವ ಬ್ಯಾಟರಿ ನಿಜಕ್ಕೂ 12 ತೋರಿಸಿದರೆ ಅದರ ಹೊಟ್ಟೆ ಮುಕ್ಕಾಲು ಖಾಲಿ. ಒಳಗಿರುವುದು ಆರು ಸೆಲ್. ತುಂಬಿದಾಗ ಒಂದೊಂದೂ ಸುಮಾರು 2.1 ವೋಲ್ಟ್, ಒಟ್ಟು 12.6. ಈ ಸಣ್ಣ ದಶಮಾಂಶದಲ್ಲೇ ಎಲ್ಲ ಅಡಗಿದೆ: 12.4 ಎಂದರೆ ಮುಕ್ಕಾಲು ತುಂಬಿದೆ, 12.2 ಎಂದರೆ ಅರ್ಧ. ಅದೂ ಗಾಡಿ ಕೆಲವು ಗಂಟೆ ಸುಮ್ಮನೆ ನಿಂತ ಮೇಲಿನ ಲೆಕ್ಕ. ಆಗಷ್ಟೇ ಓಡಿಸಿ ನಿಲ್ಲಿಸಿದ ಕಾರಿನ ಬ್ಯಾಟರಿ ಇರುವುದಕ್ಕಿಂತ ಹೆಚ್ಚೇ ಹೇಳಿಕೊಳ್ಳುತ್ತದೆ. ಹೆಡ್‌ಲೈಟನ್ನು ಒಂದೆರಡು ನಿಮಿಷ ಉರಿಸಿ ಆರಿಸಿದರೆ ಆ ಜಂಬ ಇಳಿಯುತ್ತದೆ.

ಆದರೂ ಸುಮ್ಮನೆ ಕೂತಿದ್ದಾಗಿನ ವೋಲ್ಟೇಜನ್ನು ನಾನು ಪೂರ್ತಿ ನಂಬುವುದಿಲ್ಲ. ಒಳಗಿನ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಕಟ್ಟಿದ ಹಳೆಯ ಬ್ಯಾಟರಿಯೂ ಸುಳ್ಳೇ 12.6 ತೋರಿಸಿ, ಸೆಲ್ಫ್ ಹೊಡೆದ ಕೂಡಲೇ ಕುಸಿದುಬಿಡುತ್ತದೆ. ಅದಕ್ಕೇ ಮೆಕ್ಯಾನಿಕ್ ಲೋಡ್ ಹಾಕಿ, ಅಂದರೆ ಜೋರಾಗಿ ವಿದ್ಯುತ್ತು ಎಳೆದು, ನೋಡುವುದು. ಬ್ಯಾಟರಿಯ ಮೇಲೆ ಬರೆದಿರುವ ಕ್ರ್ಯಾಂಕಿಂಗ್ ಆಂಪಿಯರಿನ (ಚಳಿಯಲ್ಲೂ ಎಂಜಿನ್ ಎಬ್ಬಿಸಲು ಅದು ಕೊಡಬಲ್ಲ ವಿದ್ಯುತ್ತು, CCA) ಅರ್ಧದಷ್ಟನ್ನು 15 ಸೆಕೆಂಡ್ ಎಳೆದಾಗ, ತೀರಾ ಚಳಿಯಿಲ್ಲದ ಹೊತ್ತಿನಲ್ಲಿ, 9.6 ವೋಲ್ಟಿಗಿಂತ ಕೆಳಗಿಳಿಯಬಾರದು. ಇದಕ್ಕೂ ಮುಂಚೆ ಪೂರ್ತಿ ಚಾರ್ಜ್ ಮಾಡಿರಬೇಕು ಎಂಬುದನ್ನೇ ಜನ ಮರೆಯುತ್ತಾರೆ. ರಾತ್ರಿಯಿಡೀ ಒಳಗಿನ ದೀಪ ಉರಿಯಬಿಟ್ಟು, ಬೆಳಗ್ಗೆ ಹಸಿದ ಬ್ಯಾಟರಿಗೆ ಭಾರ ಹೊರಿಸಿ ‘ಸತ್ತಿದೆ’ ಎನ್ನುವುದು ಯಾವ ನ್ಯಾಯ?

ಎಂಜಿನ್ ಓಡುವಾಗಲೂ ಒಮ್ಮೆ ಮೀಟರ್ ಹಿಡಿಯಿರಿ. ಸಾಮಾನ್ಯವಾಗಿ 13.7ರಿಂದ 14.7ರ ಒಳಗಿರಬೇಕು. ಹನ್ನೆರಡರಲ್ಲೇ ತೆವಳುತ್ತಿದ್ದರೆ ಕಳ್ಳ, ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡಬೇಕಾದ ಆಲ್ಟರ್ನೇಟರ್ ಕಡೆ ಇದ್ದಾನೆ. ಹೊಸ ಬ್ಯಾಟರಿ ತಂದಿಟ್ಟರೆ ಅದನ್ನೂ ಬರಿದು ಮಾಡುತ್ತಾನೆ.

ಚಾರ್ಜ್ ಮಾಡಿ, ಲೋಡ್ ಹಾಕಿ, ಆಗಲೂ ಕುಸಿದರೆ ಮಾತ್ರ ಮುಲಾಜು ಬೇಡ. ಆರರಲ್ಲಿ ಒಂದು ಸೆಲ್ ಕೆಟ್ಟರೂ ಉಳಿದ ಐದು ಅದರ ಜೊತೆಗೇ ಹೊರಡಬೇಕಾಗುತ್ತದೆ, ಪಾಪ. ಹಳೆಯದನ್ನು ಮಾತ್ರ ಕಸಕ್ಕೆ ಹಾಕದೆ ಬ್ಯಾಟರಿ ಮಾರಿದವರಿಗೇ ಒಪ್ಪಿಸಿ. ಅದರ ಸೀಸವನ್ನು ಕರಗಿಸಿ ಮತ್ತೆ ಬ್ಯಾಟರಿಯನ್ನೇ ಮಾಡುತ್ತಾರೆ.