ಒಂದು ಕೈಗವಸಿನ ದೂರ

ಹಿಂದೆಲ್ಲ ಟಾಕೀಸಿನ ಹೊರಗೆ ಮಾರುತ್ತಿದ್ದ ಹಾಡಿನ ಪುಸ್ತಕಗಳಲ್ಲಿ ಕಥಾಸಾರ ಅರ್ಧಕ್ಕೇ ನಿಂತುಬಿಡುತ್ತಿತ್ತು. ನಾಯಕಿ ಮನೆ ಬಿಟ್ಟು ಹೋದಳೇ? ನಾಯಕನಿಗೆ ನಿಜ ತಿಳಿಯಿತೇ? ‘ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ.’ ಕರವಸ್ತ್ರ ಒದ್ದೆ ಮಾಡಿಸುವ ಚಿತ್ರಕ್ಕೂ ‘ಆನಂದಿಸಿ’ ಎಂದೇ ಅಚ್ಚಾಗುತ್ತಿತ್ತು. ಇವತ್ತಿನ ಟ್ರೈಲರ್ ಮಾಡುವುದೂ ಅದೇ ಕೆಲಸ. ಆದರೆ ಇಂಗ್ಲೆಂಡಿನ ರೀಜೆನ್ಸಿ ಕಾಲದ, ಅಂದರೆ 1811ರಿಂದ 1820ರವರೆಗಿನ ಪ್ರೇಮಕಥೆಗೆ ಟ್ರೈಲರ್ ಕತ್ತರಿಸಲು ಕೂತವರ ಪಾಡು ಬೇರೆ. ಕೊಲೆಗಾರ ಯಾರೆಂದು ಮುಚ್ಚಿಡುವ ಸುಖ ಅವರಿಗಿಲ್ಲ. ಹುಬ್ಬು ಗಂಟಿಕ್ಕಿಕೊಂಡು ಕಿಟಕಿಯ ಬಳಿ ನಿಂತ ಎತ್ತರದ ಗಂಡಸನ್ನು ತೋರಿಸಿದ ಕೂಡಲೇ, ಮದುವೆ ಇವನ ಜೊತೆಗೇ ಅಂತ ನೋಡುವವರು ನಿಶ್ಚಯ ಮಾಡಿಕೊಂಡಿರುತ್ತಾರೆ.

ಗೊತ್ತಿರುವುದಕ್ಕೇ ಕಾಯಿಸಬೇಕು. ಆದ್ದರಿಂದ ಇಂಥ ಟ್ರೈಲರ್ ಗುಟ್ಟನ್ನು ಬಿಟ್ಟು ದೂರವನ್ನು ಮಾರುತ್ತದೆ: ಎರಡು ಕೈಗಳ ನಡುವಿನ ನಾಲ್ಕು ಬೆರಳಷ್ಟು ದೂರವನ್ನು.

ಆ ದೂರಕ್ಕೊಂದು ಕಾರಣ ಬೇಕಲ್ಲ. ಆಸ್ತಿ ಗಂಡು ವಾರಸುದಾರನಿಗೇ ಹೋಗಬೇಕೆಂದು ಕಟ್ಟುಹಾಕಿದ ಎಸ್ಟೇಟುಗಳು ಆಗ ಇದ್ದವು. ಅಪ್ಪ ತೀರಿಕೊಂಡರೆ ಹೆಣ್ಣುಮಕ್ಕಳು ಹುಟ್ಟಿದ ಮನೆಯನ್ನೇ ಖಾಲಿ ಮಾಡಬೇಕಾಗಬಹುದಿತ್ತು. ಮದುವೆಯಾದ ಹೆಂಗಸು ತನ್ನ ಹೆಸರಿನಲ್ಲೇ ಆಸ್ತಿ ಇಟ್ಟುಕೊಳ್ಳಲು ಇಂಗ್ಲೆಂಡಿನಲ್ಲಿ 1882ರ ಕಾಯ್ದೆಯವರೆಗೆ ಕಾಯಬೇಕಾಯಿತು. ಇಷ್ಟೆಲ್ಲವನ್ನೂ ಟ್ರೈಲರ್ ಹತ್ತು ಸೆಕೆಂಡಿನಲ್ಲಿ ಹೇಳಿ ಮುಗಿಸಬೇಕು. ಸಾಮಾನ್ಯವಾಗಿ ಈ ಕೆಲಸ ಅಮ್ಮನಿಗೋ ಅತ್ತೆಗೋ ಬೀಳುತ್ತದೆ. ಟೀ ಬಗ್ಗಿಸುತ್ತಾ ಒಂದು ಮಾತು, ‘ನೀನು ಮದುವೆಯಾಗದಿದ್ದರೆ ಈ ಮನೆ ನಮ್ಮದಾಗಿ ಉಳಿಯೋದಿಲ್ಲ.’ ಈ ಮಾತನ್ನು ನುಂಗಿಬಿಟ್ಟ ಟ್ರೈಲರ್ ಜವಳಿ ಅಂಗಡಿಯ ಗಾಜಿನ ಕಪಾಟಿನ ಹಾಗೆ ಕಾಣುತ್ತದೆ. ರೇಷ್ಮೆ ಇದೆ, ಮೇಣದಬತ್ತಿ ಇದೆ, ಮಂಜು ಹೊದ್ದ ಹುಲ್ಲುಗಾವಲಿದೆ. ಆಕೆ ಯಾಕೆ ಅಳುತ್ತಿದ್ದಾಳೆ ಎಂಬುದು ಮಾತ್ರ ತಿಳಿಯುವುದಿಲ್ಲ.

ಕಾರಣ ಸಿಕ್ಕಿತು ಅಂದರೆ ಕೈಗವಸಿಗೆ ಜೀವ ಬರುತ್ತದೆ. ನೃತ್ಯಕೂಟದಲ್ಲಿ ಗಂಡು ಹೆಣ್ಣು ಇಬ್ಬರೂ ಕೈಗವಸು ತೊಡುತ್ತಿದ್ದ ಕಾಲ. ಕಂಟ್ರಿ ಡ್ಯಾನ್ಸ್‌ನಲ್ಲಿ ಎದುರುಬದುರು ಸಾಲಾಗಿ ನಿಂತು ಕೈ ತಾಗಿಸಿ ಬಿಡುವುದಷ್ಟೇ. ಸೊಂಟ ಹಿಡಿದು ಸುತ್ತುವ ವಾಲ್ಟ್ಸ್ 1816ರಲ್ಲಿ ದೊರೆಮನೆಯ ಕೂಟಕ್ಕೆ ಬಂದಾಗ ಲಂಡನ್ನಿನ ‘ಟೈಮ್ಸ್’ ಪತ್ರಿಕೆ ಅದನ್ನು ಅಸಭ್ಯವೆಂದು ಜರಿದಿತ್ತು. ಇಂಥ ಕಡೆ ಬರಿಗೈ ಬರಿಗೈಯನ್ನು ಮುಟ್ಟಿದರೆ ಅದೇ ದೊಡ್ಡ ಘಟನೆ. 2005ರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಚಿತ್ರದಲ್ಲಿ ನಾಯಕ ಡಾರ್ಸಿ ನಾಯಕಿ ಎಲಿಜಬೆತ್‌ಳನ್ನು ಕೈ ಹಿಡಿದು ಗಾಡಿ ಹತ್ತಿಸಿ, ತಿರುಗಿ ನಡೆಯುವಾಗ ಆ ಕೈಯ ಬೆರಳುಗಳನ್ನು ಒಮ್ಮೆ ಅಗಲಿಸುತ್ತಾನೆ. ಒಂದೆರಡು ಸೆಕೆಂಡಿನ ಆ ಶಾಟನ್ನು ಜನ ಇವತ್ತಿಗೂ ತಿರುಗಿಸಿ ತಿರುಗಿಸಿ ನೋಡುತ್ತಾರೆ. ಅದಾದ ಮೇಲೆ ಈ ಜಾತಿಯ ಟ್ರೈಲರ್‌ಗಳಲ್ಲಿ ಕೈಗಳ ಕ್ಲೋಸಪ್ಪಿಗೆ ಬರವಿಲ್ಲ. ಬೆರಳು ಇನ್ನೇನು ತಾಗಬೇಕು, ಅಷ್ಟರಲ್ಲಿ ಕಟ್. ತಾಗಿದ್ದನ್ನು ತೋರಿಸಿದ ಎಡಿಟರ್ ಕೈಯಾರೆ ಗಿರಾಕಿಯನ್ನು ಕಳೆದುಕೊಂಡಂತೆ.

ಕೈ ಬಿಟ್ಟರೆ ಕಾಗದ. ಕಾಗದ ಇರುವ ಕಡೆ ಕಾಯುವುದು ತಾನಾಗಿ ಬರುತ್ತದೆ. ಬ್ರಿಟನ್ನಿನಲ್ಲಿ ಪೆನ್ನಿ ಅಂಚೆ ಬಂದದ್ದು 1840ರಲ್ಲಿ. ಅದಕ್ಕೂ ಮುಂಚೆ ಸಾಮಾನ್ಯವಾಗಿ ಕಾಗದ ಪಡೆದವರೇ ದುಡ್ಡು ಕೊಡಬೇಕಿತ್ತು, ಅದೂ ದೂರ ಮತ್ತು ಹಾಳೆಗಳ ಲೆಕ್ಕದಲ್ಲಿ. ಲಕೋಟೆಯೂ ಒಂದು ಹಾಳೆಯೇ ಆಗುತ್ತಿದ್ದರಿಂದ ಬರೆದ ಹಾಳೆಯನ್ನೇ ಮಡಚಿ ಅರಗಿನ ಮುದ್ರೆ ಒತ್ತುತ್ತಿದ್ದರು. ಉಳಿತಾಯಕ್ಕೆಂದು ಬರೆದ ಸಾಲುಗಳ ಮೇಲೆಯೇ ಅಡ್ಡವಾಗಿ ಮತ್ತೆ ಬರೆಯುವ ರೂಢಿಯೂ ಇತ್ತು. ಹೀಗಾಗಿ 1812ರ ನಾಯಕಿ ಅಂಟು ಹಚ್ಚಿದ ಲಕೋಟೆಯನ್ನು ಹರಿದು ತೆರೆದರೆ ಬಲ್ಲವರು ನಕ್ಕಾರು. ಅರಗು ‘ಚಟ್’ ಎಂದು ಒಡೆಯುವ ಸದ್ದೇ ಟ್ರೈಲರ್‌ಗೆ ಚಿನ್ನ. ಆ ಸದ್ದನ್ನು ಚಿತ್ರೀಕರಣದಲ್ಲಿ ಹಿಡಿದಿರುವುದು ಅಪರೂಪ. ರೇಷ್ಮೆಯ ಸರಬರ, ನೆಲದ ಮೇಲಿನ ಬೂಟು, ಇವೆಲ್ಲವನ್ನೂ ಫೋಲಿ ಕಲಾವಿದರು, ಅಂದರೆ ಸದ್ದು ಹುಟ್ಟಿಸುವವರು, ಸ್ಟುಡಿಯೋದಲ್ಲಿ ಬೇರೆಯಾಗಿ ಮಾಡಿ ಸೇರಿಸುತ್ತಾರೆ.

ಈಗ ಕತ್ತರಿಯ ಲೆಕ್ಕ. ಎರಡು ಗಂಟೆಯ ಚಿತ್ರವೆಂದರೆ, ಸೆಕೆಂಡಿಗೆ 24ರಂತೆ, 1,72,800 ಫ್ರೇಮು. ಎರಡು ನಿಮಿಷ ಇಪ್ಪತ್ತು ಸೆಕೆಂಡಿನ ಟ್ರೈಲರ್‌ಗೆ ಬೇಕಾದದ್ದು 3,360. ನೂರರಲ್ಲಿ ಎರಡು ಪಾಲೂ ಇಲ್ಲ. ಅನುಭವಿ ಎಡಿಟರ್‌ಗಳು ಅನೇಕರು ಮೊದಲು ಚಿತ್ರಕ್ಕೆ ಕೈ ಹಾಕುವುದಿಲ್ಲ. ಸಂಭಾಷಣೆಯಲ್ಲಿ ಹದಿನೈದಿಪ್ಪತ್ತು ಸಾಲು ಆರಿಸಿ, ಪರದೆಯನ್ನು ಕಪ್ಪಾಗಿಯೇ ಬಿಟ್ಟು, ರೇಡಿಯೋ ನಾಟಕದಂತೆ ಜೋಡಿಸಿ ಕೇಳುತ್ತಾರೆ. ಕಣ್ಣು ಮುಚ್ಚಿ ಕೇಳಿದಾಗ ಕಥೆ ಹಿಡಿಯದಿದ್ದರೆ ಎಷ್ಟು ಅರಮನೆ ತೋರಿಸಿದರೂ ಹಿಡಿಯುವುದಿಲ್ಲ. ಆಮೇಲೆ ಚಿತ್ರ: ಮೊದಲ ನಲವತ್ತು ಸೆಕೆಂಡಿನಲ್ಲಿ ಶಾಟಿಗೆ ಮೂರು ನಾಲ್ಕು ಸೆಕೆಂಡು, ನಡುವೆ ಎರಡು, ಕೊನೆಯ ಏರಿಕೆಯಲ್ಲಿ ಹನ್ನೆರಡು ಫ್ರೇಮು, ಅಂದರೆ ಅರ್ಧ ಸೆಕೆಂಡು. ಶುರುವಿನಿಂದಲೇ ಅರ್ಧ ಸೆಕೆಂಡಿಗೆ ಇಳಿದರೆ ಕುದುರೆ ಯಾವುದು, ಮಾವ ಯಾರು ಎಂದು ಗುರುತಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಇನ್ನು ಸಣ್ಣಪುಟ್ಟ ಮೋಸಗಳು. ‘ನಾನು ನಿಮ್ಮನ್ನು ಎಂದೂ ಕ್ಷಮಿಸಲಾರೆ’ ಎಂದು ಆಕೆ ಹೇಳಿದ್ದು ತಂಗಿಯ ಕಿವಿಯೋಲೆ ಕಳೆದ ಅಣ್ಣನಿಗೆ ಇರಬಹುದು. ಟ್ರೈಲರ್‌ನಲ್ಲಿ ಅದರ ಮುಂದಿನ ಶಾಟು ಮಳೆಯಲ್ಲಿ ನೆನೆಯುತ್ತಿರುವ ನಾಯಕನದ್ದು. ರಷ್ಯದ ಚಿತ್ರನಿರ್ದೇಶಕ ಲೆವ್ ಕುಲೆಶೋವ್ ನೂರು ವರ್ಷದ ಹಿಂದೆಯೇ ಇದನ್ನು ತೋರಿಸಿಕೊಟ್ಟಿದ್ದ: ನಟನ ಒಂದೇ ಮುಖದ ಪಕ್ಕ ಸೂಪಿನ ಬಟ್ಟಲಿಟ್ಟರೆ ಹಸಿವು, ಶವಪೆಟ್ಟಿಗೆ ಇಟ್ಟರೆ ದುಃಖ. ಎರಡು ವಾಕ್ಯಗಳ ತುಂಡು ಸೇರಿಸಿ ಮೂರನೆಯದನ್ನು ಹೊಲಿಯುವುದೂ ಉಂಟು. ಆಗ ದನಿಯ ಏರಿಳಿತ ಕೂಡದೆ ಹೊಲಿಗೆ ಕಿವಿಗೆ ಚುಚ್ಚುತ್ತದೆ, ತುಟಿಯೂ ಹೊಂದುವುದಿಲ್ಲ. ಅದಕ್ಕೇ ತುಂಬ ಮುಖ್ಯವಾದ ಮಾತು ಬರುವಾಗ ಪಾತ್ರ ನಮಗೆ ಬೆನ್ನು ತಿರುಗಿಸಿ ನಿಂತಿರುತ್ತದೆ. ಅದನ್ನು ನಾವು ವಿರಹ ಅಂದುಕೊಳ್ಳುತ್ತೇವೆ.

ಸಂಗೀತದಲ್ಲಿ ವ್ಯವಹಾರವೂ ಬೆರೆತಿದೆ. ಟ್ರೈಲರ್ ಕತ್ತರಿಸುವ ಹೊತ್ತಿಗೆ ಚಿತ್ರದ ಹಿನ್ನೆಲೆ ಸಂಗೀತ ಎಷ್ಟೋ ಸಲ ಸಿದ್ಧವಾಗಿರುವುದಿಲ್ಲ. ಆಗ ಎಲ್ಲರಿಗೂ ಗೊತ್ತಿರುವ ಪಾಪ್ ಹಾಡೊಂದನ್ನು ಪಿಯಾನೋದಲ್ಲೋ ಪಿಟೀಲು ಚೆಲ್ಲೋಗಳಲ್ಲೋ ನಿಧಾನಕ್ಕೆ ನುಡಿಸಿ ಹಾಕುತ್ತಾರೆ. ಮೂಲ ಧ್ವನಿಮುದ್ರಣವನ್ನೇ ಬಳಸಿದರೆ ರಚನೆಗೊಂದು, ಮುದ್ರಣಕ್ಕೊಂದು, ಎರಡು ಪರವಾನಗಿ ಬೇಕು. ಹೊಸದಾಗಿ ನುಡಿಸಿಕೊಂಡರೆ ರಚನೆಯದ್ದು ಮಾತ್ರ ಸಾಕು. 2020ರ ಕೊನೆಯಲ್ಲಿ ಬಂದ ‘ಬ್ರಿಜರ್ಟನ್’ ಸರಣಿ ನೃತ್ಯಕೂಟಗಳಿಗೆ ಇಂಥ ತಂತಿವಾದ್ಯದ ಪಾಪ್ ಹಾಡುಗಳನ್ನೇ ಇಟ್ಟು ಗೆದ್ದ ಮೇಲೆ ಯಾರಿಗೂ ಸಂಕೋಚ ಉಳಿದಿಲ್ಲ. ರಾಗ ಪರಿಚಿತ, ಹಾಡು ಯಾವುದೆಂದು ನೆನಪಾಗದು. ಆ ತಡಕಾಟದಲ್ಲೇ ನೋಡುವವರು ಮೊದಲ ಅರ್ಧ ನಿಮಿಷ ಎದ್ದುಹೋಗದೆ ಕೂರುತ್ತಾರೆ. ಕೆಡಿಸುವುದು ಗುಡುಗಿನಂಥ ‘ಢಮ್’ ಸದ್ದು. ಯುದ್ಧದ ಚಿತ್ರಕ್ಕೆ ಅದು ಸರಿ. ಟೀ ಬಟ್ಟಲು ಕೆಳಗಿಟ್ಟದ್ದಕ್ಕೆಲ್ಲ ಢಮ್ ಎನಿಸಿದರೆ ಬಟ್ಟಲಿನಲ್ಲಿ ವಿಷವಿದೆಯೇನೋ ಅನ್ನಿಸುತ್ತದೆ.

ಎಲ್ಲಕ್ಕಿಂತ ಬೆಲೆಬಾಳುವುದು ಸದ್ದಿಲ್ಲದ ಒಂದು ಸೆಕೆಂಡು. ತಂತಿಗಳು ಏರುತ್ತವೆ, ಗಾಡಿ ಓಡುತ್ತದೆ, ಬಾಗಿಲು ಬಡಿಯುತ್ತದೆ, ಆಕೆ ಗದ್ದೆಯ ನಡುವೆ ಪಾವಡ ಎತ್ತಿ ಹಿಡಿದು ಓಡುತ್ತಾಳೆ. ಥಟ್ಟನೆ ಎಲ್ಲ ನಿಲ್ಲುತ್ತದೆ. ಪರದೆ ಕಪ್ಪು. ಆಮೇಲೆ ಒಂದು ಪಿಸುಮಾತು, ‘ಒಂದೇ ಮಾತು ಹೇಳಿ, ನಾನು...’ ವಾಕ್ಯ ಮುಗಿಯುವ ಮೊದಲೇ ಚಿತ್ರದ ಹೆಸರು. ಈ ಮೌನವನ್ನು ಅರ್ಧ ಸೆಕೆಂಡಿಗೆ ಮೊಟಕು ಮಾಡಿದರೆ ಎದೆ ಝಲ್ಲೆನ್ನುವುದಿಲ್ಲ. ಮೂರು ಸೆಕೆಂಡಿಗೆ ಎಳೆದರೆ ನೆಟ್‌ವರ್ಕ್ ಹೋಯಿತೆಂದು ಜನ ಫೋನ್ ತಟ್ಟುತ್ತಾರೆ.

ಫೋನಿನ ಕಾಟ ಇನ್ನೂ ಒಂದಿದೆ. ಐದು ಸೆಕೆಂಡಿಗೆ ಬೆರಳು ಮುಂದೆ ಸರಿಯುತ್ತದೆಂಬ ಹೆದರಿಕೆಯಿಂದ ಈಗ ಟ್ರೈಲರ್‌ಗೂ ಮೊದಲು ಟ್ರೈಲರ್‌ನದೇ ಚೂರುಗಳನ್ನು ಗಿರಗಿರ ತಿರುಗಿಸುತ್ತಾರೆ: ಕುದುರೆ, ಮಳೆ, ಕೆನ್ನೆಗೆ ಏಟು, ಅಪ್ಪುಗೆ. ಎರಡು ನಿಮಿಷ ಜೋಪಾನ ಮಾಡಬೇಕಿದ್ದ ಆ ನಾಲ್ಕು ಬೆರಳಿನ ದೂರವನ್ನು ಬಾಗಿಲಲ್ಲೇ ಚೆಲ್ಲಿ, ಬಳಿಕ ಸಾವಧಾನವಾಗಿ ಮಂಜು ಹೊದ್ದ ಹುಲ್ಲುಗಾವಲಿನಿಂದ ಶುರು ಮಾಡುತ್ತಾರೆ. ಅಡುಗೆಯ ಘಮ ಬರುವ ಮೊದಲೇ ಪಾಯಸದ ತಳ ತೋರಿಸಿದ ಹಾಗೆ.

ಹೆಸರು ಬಂದ ಮೇಲೂ ಒಂದು ಚೂರು ಉಳಿದಿರುತ್ತದೆ. ಬಿಗಿದ ಎದೆಯನ್ನು ಸಡಿಲಿಸಲು ನಾಲ್ಕೈದು ಸೆಕೆಂಡಿನ ನಗು. ಅದು ಬಹುಪಾಲು ಮುದುಕಿಯೊಬ್ಬಳ ಪಾಲು. ಪ್ರೇಮ, ಮಳೆ, ಪಿಸುಮಾತು ಎಲ್ಲ ಮುಗಿದು ತಾರೀಖೂ ಬಂದಾಯಿತು ಅನ್ನುವಾಗ, ಅತ್ತೆ ಬೀಸಣಿಗೆ ಮಡಚಿ ಪಕ್ಕದವಳನ್ನು ಕೇಳುತ್ತಾಳೆ: ‘ಅದಿರಲಿ, ಹುಡುಗನಿಗೆ ವರ್ಷಕ್ಕೆ ಎಷ್ಟು ಬರುತ್ತದಂತೆ?’